ವರ್ಗಾವಣೆಯಾಗದ ನಿಷ್ಠೆ

ಆಟದ ಮೇಲಿನ ಅಭಿಮಾನ ಎಷ್ಟು ಆಳವಾದುದೆಂಬುದು ಆಟ ನಿಂತಿರುವ ದಿನಗಳಲ್ಲಿ ಗೊತ್ತಾಗುತ್ತದೆ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಋತು ಆಗಸ್ಟ್ ತಿಂಗಳಲ್ಲಿ ಮೊದಲಾಗಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಜೂನ್ ಬಂದಿತೆಂದರೆ ಕ್ರೀಡಾಂಗಣಗಳ ಬಾಗಿಲು ಮುಚ್ಚುತ್ತದೆ. ಸವೆದ ಹುಲ್ಲುಹಾಸನ್ನು ಹೊಸದಾಗಿ ಬೆಳೆಸುವ ಕೆಲಸ ನಡೆಯುತ್ತದೆ. ಆಟಗಾರರು ಮಡದಿ ಮಕ್ಕಳೊಡನೆ ವಿಶ್ರಾಂತಿಗೆ ತೆರಳುತ್ತಾರೆ. ಅಭಿಮಾನಿಯ ಮನಸ್ಸಿಗೆ ಮಾತ್ರ ಆ ವಿಶ್ರಾಂತಿಯಿಲ್ಲ. ಮುಂದಿನ ಋತುವಿನ ಪಂದ್ಯಗಳ ಪಟ್ಟಿ ಜೂನ್ ತಿಂಗಳಿನಲ್ಲಿಯೇ ಪ್ರಕಟವಾಗುತ್ತದೆ. ಅಂದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿಗೂ ಆ ಪಟ್ಟಿಗೂ ನಡುವೆ ಒಂದು ಸಂಧಾನ ನಡೆಯಬೇಕಾಗುತ್ತದೆ. ನಾದಿನಿಯ ಮದುವೆ ಯಾವ ಶನಿವಾರ, ಮಗಳ ಹುಟ್ಟುಹಬ್ಬದ ದಿನ ತಂಡ ಯಾವ ಊರಿನಲ್ಲಿದೆ, ವೃದ್ಧ ತಂದೆಯನ್ನು ಕ್ರೀಡಾಂಗಣಕ್ಕೆ ಕರೆದೊಯ್ಯುವ ಸರದಿ ಯಾರದು ಎಂಬ ಪ್ರಶ್ನೆಗಳೆಲ್ಲ ಅಲ್ಲಿಯೇ ಇತ್ಯರ್ಥವಾಗುತ್ತವೆ. ಹೊರಗಿನವರಿಗೆ ಇದು ಹುಚ್ಚಾಗಿ ಕಾಣಬಹುದು. ಆದರೆ ಆ ಕ್ಯಾಲೆಂಡರನ್ನು ಸ್ವಲ್ಪ ಹತ್ತಿರದಿಂದ ನೋಡಿದವರಿಗೆ ಅದರಲ್ಲಿ ಒಂದು ಕುಟುಂಬದ ಜೀವನಕ್ರಮವೇ ಬರೆದಿರುವುದು ಕಾಣುತ್ತದೆ.

ಈ ಆಟಕ್ಕೂ ಗೃಹಜೀವನಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. 1850ರ ಕಾರ್ಖಾನೆ ಶಾಸನವು ಬಟ್ಟೆಗಿರಣಿಗಳ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸದಿಂದ ಬಿಡುಗಡೆಯನ್ನು ವಿಧಿಸಿತು. ವಾರವಿಡೀ ಯಂತ್ರದ ಮುಂದೆ ಬಗ್ಗಿದ್ದ ಬೆನ್ನು ನೆಟ್ಟಗಾಗಲು ಅರ್ಧ ದಿನ ದೊರೆಯಿತು. ಈ ಶನಿವಾರದ ಬಿಡುವು ಕ್ರಮೇಣ ದುಡಿಯುವ ಗಂಡಸರಿಗೂ ಹಬ್ಬಿತು. ಮುಂದೆ ಫುಟ್‌ಬಾಲ್ ಬೆಳೆದುದು ಆ ಬಿಡುವಿನಲ್ಲಿಯೇ. 1863ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. 1888ರಲ್ಲಿ ಹನ್ನೆರಡು ಸಂಘಗಳು ಸೇರಿ ಲೀಗನ್ನು ಕಟ್ಟಿದವು. ಶನಿವಾರ ಮೂರು ಗಂಟೆಯೆಂಬುದು ಅಂದಿನಿಂದ ಒಂದು ಜನಾಂಗದ ಪಂಚಾಂಗದಲ್ಲಿ ಸೇರಿಹೋಯಿತು. ಆ ಹೊತ್ತಿನ ಪಂದ್ಯಗಳನ್ನು ಇಂಗ್ಲೆಂಡಿನ ದೂರದರ್ಶನದಲ್ಲಿ ಇಂದಿಗೂ ನೇರವಾಗಿ ತೋರಿಸುವಂತಿಲ್ಲ. ಜನರು ಮನೆಯಲ್ಲಿ ಕುಳಿತರೆ ಸಣ್ಣ ಊರುಗಳ ಸಂಘಗಳು ಸೊರಗುತ್ತವೆಂಬುದೇ ಅದರ ಹಿಂದಿನ ಕಾಳಜಿ. ಅದೇ ಪಂದ್ಯವನ್ನು ಬೆಂಗಳೂರಿನ ಮನೆಯೊಂದರಲ್ಲಿ ಸಂಜೆ ನೋಡಬಹುದಾಗಿದ್ದು, ಪಂದ್ಯ ನಡೆಯುವ ಊರಿನವನು ಮಾತ್ರ ಮಳೆಯಲ್ಲಿ ನೆನೆದೇ ನೋಡಬೇಕು. ಇದರಲ್ಲಿ ವಿನೋದವಿದೆ, ಅಷ್ಟೇ ವಿವೇಕವೂ ಇದೆ.

ಜುಲೈ ತಿಂಗಳು ಪೂರ್ವಸಿದ್ಧತೆಯ ಕಾಲ. ಆಟಗಾರರು ಮರಳಿ ಬಂದು ಮೈ ಹದಗೊಳಿಸಿಕೊಳ್ಳುತ್ತಾರೆ. ನೆರೆಯ ಸಣ್ಣ ಸಂಘಗಳೊಡನೆ ಸ್ನೇಹಪಂದ್ಯಗಳು ನಡೆಯುತ್ತವೆ. ಇವುಗಳಿಗೆ ಅಂಕವಿಲ್ಲ, ಪದಕವಿಲ್ಲ. ಸೋತರೆ ಅಳುವವರಿಲ್ಲ, ಗೆದ್ದರೆ ಕುಣಿಯುವವರಿಲ್ಲ. ಹಾಗಿದ್ದರೂ ಚಿಕ್ಕ ಮಕ್ಕಳನ್ನು ಮೊದಲ ಸಲ ಕರೆತರಲು ತಂದೆತಾಯಿಗಳು ಆರಿಸಿಕೊಳ್ಳುವುದು ಅನೇಕ ವೇಳೆ ಇಂತಹ ಪಂದ್ಯಗಳನ್ನೇ. ಬಿಸಿಲಿನ ಸಂಜೆ, ಕಡಮೆ ಜನಸಂದಣಿ, ಬೇಲಿಯ ಬಳಿ ಬಂದು ಮಾತನಾಡಿಸುವ ಆಟಗಾರರು. ಮಗುವಿನ ಮನಸ್ಸಿನಲ್ಲಿ ಬೀಜ ಬೀಳುವುದು ಆಗಲೇ. ದೊಡ್ಡ ಸಂಘಗಳು ಈಚಿನ ದಶಕಗಳಲ್ಲಿ ಈ ತಿಂಗಳನ್ನು ಅಮೆರಿಕ ಮತ್ತು ಏಷ್ಯದ ಮಹಾನಗರಗಳಲ್ಲಿ ವ್ಯಾಪಾರಯಾತ್ರೆಯಾಗಿ ಮಾಡಿಕೊಂಡಿವೆ. ದೂರಪ್ರಯಾಣವೇ ತಪ್ಪೆನ್ನಲು ಬರುವುದಿಲ್ಲ. ಡೆವನ್ ಪ್ರಾಂತದ ಎಕ್ಸಿಟರ್ ಸಿಟಿ ಎಂಬ ಸಾಮಾನ್ಯ ಸಂಘವು 1914ರಲ್ಲಿಯೇ ಹಡಗು ಹತ್ತಿ ದಕ್ಷಿಣ ಅಮೆರಿಕಕ್ಕೆ ಹೋಗಿತ್ತು. ಆ ವರ್ಷ ಜುಲೈ 21ರಂದು ರಿಯೋ ನಗರದಲ್ಲಿ ಅದರ ಎದುರು ಆಡಿದುದೇ ಬ್ರೆಜಿಲ್ ರಾಷ್ಟ್ರೀಯ ತಂಡದ ಮೊತ್ತಮೊದಲ ಪಂದ್ಯ. ಎಕ್ಸಿಟರ್ 2–0 ಅಂತರದಲ್ಲಿ ಸೋತಿತು. ಸೋತ ಆ ಪಂದ್ಯವನ್ನು ಆ ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನೆನಪಿನಲ್ಲಿ ಉಳಿಯಬೇಕಾದುದು ಯಾವುದೆಂಬುದನ್ನು ಅಂಕಪಟ್ಟಿ ಒಂದೇ ನಿರ್ಧರಿಸುವುದಿಲ್ಲ.

ಬೇಸಿಗೆಯ ನಿಜವಾದ ಸಂತೆ ಎಂದರೆ ಆಟಗಾರರ ವರ್ಗಾವಣೆ. 1905ರಲ್ಲಿ ಆಲ್ಫ್ ಕಾಮನ್ ಎಂಬ ಆಟಗಾರನನ್ನು ಮಿಡಲ್ಸ್‌ಬರೋ ಸಂಘವು ಸಂಡರ್ಲೆಂಡಿನಿಂದ 1000 ಪೌಂಡಿಗೆ ಪಡೆದಾಗ, ಮನುಷ್ಯನಿಗೆ ಇಷ್ಟು ಬೆಲೆಯೇ ಎಂದು ದೇಶವೆಲ್ಲ ಬೆರಗಾಯಿತು. 1979ರಲ್ಲಿ ಟ್ರೆವರ್ ಫ್ರಾನ್ಸಿಸ್ ಹತ್ತು ಲಕ್ಷ ಪೌಂಡಿನ ಆಟಗಾರನೆನಿಸಿದ. 2025ರ ಸೆಪ್ಟೆಂಬರ್ 1ರಂದು ಅಲೆಕ್ಸಾಂಡರ್ ಇಸಾಕ್ ನ್ಯೂಕಾಸಲ್ ಬಿಟ್ಟು ಲಿವರ್‌ಪೂಲ್ ಸೇರಿದುದಕ್ಕೆ ತೆತ್ತ ಬೆಲೆ 12.5 ಕೋಟಿ ಪೌಂಡ್ ಎಂದು ವರದಿಯಾಯಿತು. ಆ ಒಂದು ಬೇಸಿಗೆಯಲ್ಲಿ ಪ್ರೀಮಿಯರ್ ಲೀಗಿನ ಇಪ್ಪತ್ತು ಸಂಘಗಳು ಆಟಗಾರರಿಗಾಗಿ ಸುರಿದ ಹಣ 300 ಕೋಟಿ ಪೌಂಡನ್ನು ಮೀರಿತು.

ಹಿಂದಿನ ಕಾಲವೇ ಚೆನ್ನಾಗಿತ್ತೆಂದು ನಿಟ್ಟುಸಿರಿಡುವುದು ಸುಲಭ. ಆದರೆ ಅದು ನ್ಯಾಯವಾಗದು. ಹಿಂದಿನ ಪದ್ಧತಿಯಲ್ಲಿ ಒಪ್ಪಂದ ಮುಗಿದರೂ ಆಟಗಾರನನ್ನು ಸಂಘವು ಕಟ್ಟಿಹಾಕಬಹುದಾಗಿತ್ತು. ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡಕೂಡದೆಂಬ ಮಿತಿ 1961ರವರೆಗೆ ಇದ್ದಿತು. ಸಾವಿರಾರು ಜನ ದುಡ್ಡು ಕೊಟ್ಟು ನೋಡುತ್ತಿದ್ದ ಆಟಗಾರನೊಬ್ಬ ಆಡುವ ವಯಸ್ಸು ಮುಗಿದೊಡನೆ ಹೊಟ್ಟೆಪಾಡಿಗೆ ಬೇರೊಂದು ಕಸುಬನ್ನು ಹುಡುಕಬೇಕಾಗುತ್ತಿತ್ತು. ಜಾರ್ಜ್ ಈಸ್ಟ್‌ಹ್ಯಾಮ್ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಈ ಕಟ್ಟುಪಾಡು ಅನುಚಿತವೆಂದು ತೀರ್ಪಿತ್ತರು. 1995ರಲ್ಲಿ ಬೆಲ್ಜಿಯಮಿನ ಜಾನ್ ಮಾರ್ಕ್ ಬಾಸ್ಮನ್ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯವು ಒಪ್ಪಂದ ಮುಗಿದ ಆಟಗಾರ ಸ್ವತಂತ್ರನೆಂದು ಸಾರಿತು. ಆಟಗಾರನೂ ಒಂದು ಮನೆಯ ಮಗ, ಒಂದು ಮನೆಯ ಯಜಮಾನ. ಅವನ ಮೊಣಕಾಲಿನ ಆಯುಷ್ಯ ಹದಿನೈದು ವರ್ಷಕ್ಕೆ ಮಿಗಿಲಲ್ಲ. ಹೆಚ್ಚಿನ ಸಂಬಳ ಸಿಗುವಲ್ಲಿಗೆ ಅವನು ಹೋದರೆ ದ್ರೋಹಿಯೆಂದು ಕೂಗುವ ಅಭಿಮಾನಿಯು, ತಾನೇ ಒಳ್ಳೆಯ ಕೆಲಸ ಸಿಕ್ಕಿದಾಗ ಊರು ಬಿಟ್ಟುದನ್ನು ನೆನೆಯಬೇಕು. ಆದುದರಿಂದ ವರ್ಗಾವಣೆ ಎಂಬುದೇ ಕೆಡುಕಲ್ಲ. ಅದರ ಸುತ್ತ ಬೆಳೆದಿರುವ ಮನೋಧರ್ಮವನ್ನು ಪರೀಕ್ಷಿಸಬೇಕಾಗಿದೆ.

ಆ ಮನೋಧರ್ಮ ಮೊದಲು ಹೊಕ್ಕಿರುವುದು ಅಭಿಮಾನಿಯ ಮನೆಯನ್ನೇ. 2002ರಿಂದ ಇಂಗ್ಲೆಂಡಿನಲ್ಲಿ ವರ್ಗಾವಣೆಗೆ ಗೊತ್ತಾದ ಅವಧಿಯಿದೆ. ಅದು ಮುಗಿಯುವವರೆಗೂ ವದಂತಿಗಳಿಗೆ ಬಿಡುವಿಲ್ಲ. ಯಾರು ಬರುತ್ತಾರೆ, ಯಾರು ಹೋಗುತ್ತಾರೆ, ಯಾವ ವಿಮಾನನಿಲ್ದಾಣದಲ್ಲಿ ಯಾರು ಕಂಡರು ಎಂಬ ಸುದ್ದಿಯನ್ನು ಬೆಳಿಗ್ಗೆ ಎದ್ದೊಡನೆ ಕೈಫೋನಿನಲ್ಲಿ ಹುಡುಕುವವನು, ರಾತ್ರಿ ಮಲಗುವ ಮುನ್ನವೂ ಅದನ್ನೇ ಹುಡುಕುತ್ತಾನೆ. ಆಟವಿಲ್ಲದ ಆ ಎರಡು ತಿಂಗಳು ನ್ಯಾಯವಾಗಿ ಮಡದಿ ಮಕ್ಕಳಿಗೆ ಸಲ್ಲಬೇಕಾದ ಕಾಲ. ಒಂಬತ್ತು ತಿಂಗಳು ಅವನ ಶನಿವಾರಗಳನ್ನು ಸಹಿಸಿಕೊಂಡವರಿಗೆ ಅದು ತೀರಿಸಬೇಕಾದ ಸಾಲ. ಸಮುದ್ರತೀರದಲ್ಲಿ ಮಗು ಮರಳಿನ ಮನೆ ಕಟ್ಟಿ ತೋರಿಸುತ್ತಿರುವಾಗ, ತಾನೆಂದೂ ಭೇಟಿಯಾಗದ ಮಿಡ್‌ಫೀಲ್ಡರನೊಬ್ಬನ ವೈದ್ಯಪರೀಕ್ಷೆಯ ಫಲಿತಾಂಶಕ್ಕೆ ಕಾದು ಕುಳಿತ ತಂದೆ ಏನನ್ನು ಕಳೆದುಕೊಳ್ಳುತ್ತಿದ್ದಾನೆಂಬುದನ್ನು ಹೇಳಬೇಕಾಗಿಲ್ಲ. ವದಂತಿ ಸುಳ್ಳಾದರೆ ಮರುದಿನ ಇನ್ನೊಂದು ಬರುತ್ತದೆ. ಮರಳಿನ ಮನೆ ಅಲೆಗೆ ಕೊಚ್ಚಿಹೋದ ಮೇಲೆ ಮತ್ತೆ ಬರುವುದಿಲ್ಲ. ಆಟವನ್ನು ಪ್ರೀತಿಸುವವನು ಆಟದ ಸಂತೆಯನ್ನೂ ಅಷ್ಟೇ ಪ್ರೀತಿಸಬೇಕೆಂಬ ನಿಯಮವೇನೂ ಇಲ್ಲ.

ಮನೆಯಲ್ಲಿ ವರ್ಗಾವಣೆಯ ನೋವನ್ನು ಮೊದಲು ಅನುಭವಿಸುವವರು ಮಕ್ಕಳು. ಕಳೆದ ಹುಟ್ಟುಹಬ್ಬಕ್ಕೆ ಕೊಡಿಸಿದ ಅಂಗಿಯ ಬೆನ್ನ ಮೇಲೆ ಯಾವ ಹೆಸರಿದೆಯೋ ಆ ಆಟಗಾರನೇ ಹೊರಟುಹೋಗುತ್ತಾನೆ. “ಅವನು ಏಕೆ ಹೋದ?” ಎಂದು ಮಗು ಕೇಳುತ್ತದೆ. ಹಣಕ್ಕಾಗಿ ಎಂದು ಹೇಳಿ ಮಾತು ಮುಗಿಸಿದರೆ, ಜಗತ್ತಿನಲ್ಲಿ ಎಲ್ಲವೂ ಹಣಕ್ಕಾಗಿಯೇ ನಡೆಯುತ್ತದೆಂದು ಮಗು ತಿಳಿಯುತ್ತದೆ. ದ್ರೋಹ ಮಾಡಿದ ಎಂದರೆ ದ್ವೇಷವನ್ನು ಕಲಿಯುತ್ತದೆ. ಇವೆರಡಕ್ಕಿಂತ ಮೇಲಾದ ಉತ್ತರವೊಂದು ಬೇಕಾಗಿದೆ. ಆ ಉತ್ತರ ಲಂಡನ್ ಮ್ಯಾಂಚೆಸ್ಟರುಗಳ ಶ್ರೀಮಂತ ಸಂಘಗಳಿಗಿಂತ, ಮೇಲೆ ಹೇಳಿದ ಎಕ್ಸಿಟರಿನಂತಹ ಊರಿನಲ್ಲಿ ಸ್ಪಷ್ಟವಾಗಿ ದೊರೆಯುತ್ತದೆ.

1920ರಲ್ಲಿ ಲೀಗ್ ಸೇರಿದ ಎಕ್ಸಿಟರ್ ಸಿಟಿ 2003ರಲ್ಲಿ ಅದರಿಂದ ಹೊರಬಿದ್ದಿತು. ಕೆಟ್ಟ ಆಡಳಿತದಿಂದ ಸಾಲ ಬೆಟ್ಟದಂತೆ ಬೆಳೆದಿತ್ತು. ಸಂಘ ಮುಳುಗಿತೆಂದು ಎಲ್ಲರೂ ತಿಳಿದಾಗ ಅದನ್ನು ಎತ್ತಿ ಹಿಡಿದವರು ಅಭಿಮಾನಿಗಳೇ. ಅವರು ಕಟ್ಟಿಕೊಂಡ ಟ್ರಸ್ಟು ಅದೇ ವರ್ಷ ಸಂಘದ ಒಡೆತನವನ್ನು ವಹಿಸಿಕೊಂಡಿತು. ಶಾಲಾಮಾಸ್ತರರು, ಅಂಗಡಿಯವರು, ನಿವೃತ್ತರು ತಿಂಗಳಿಗೆ ಕೆಲವೇ ಪೌಂಡುಗಳಂತೆ ಕೊಟ್ಟರು. ಹನಿಗೂಡಿದರೆ ಹಳ್ಳವೆಂಬ ಮಾತು ನಿಜವಾಯಿತು. 2005ರ ಜನವರಿಯಲ್ಲಿ ಎಫ್.ಎ. ಕಪ್ ಪಂದ್ಯದಲ್ಲಿ ಲೀಗಿನ ಹೊರಗಿದ್ದ ಈ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್ ಅಂಗಣದಲ್ಲಿಯೇ ಆಡಿ ಒಂದು ಗೋಲನ್ನೂ ಬಿಟ್ಟುಕೊಡದೆ ಸಮಮಾಡಿಕೊಂಡಿತು. ಮರುಪಂದ್ಯದಲ್ಲಿ ಸೋತರೂ ಆ ಎರಡು ಪಂದ್ಯಗಳ ಗಳಿಕೆ ಸಾಲ ತೀರಿಸಲು ನೆರವಾಯಿತು. 2008ರಲ್ಲಿ ಸಂಘ ಮತ್ತೆ ಲೀಗಿಗೆ ಮರಳಿತು.

ಇಂತಹ ಸಂಘವೂ ಆಟಗಾರರನ್ನು ಮಾರುತ್ತದೆ, ಮಾರದೆ ಬದುಕಲಾರದು. ಡೆವನ್ನಿನ ಹುಡುಗ ಆಲಿ ವಾಟ್ಕಿನ್ಸ್ ಬಾಲ್ಯದಿಂದ ಅಲ್ಲಿಯೇ ಪಳಗಿದವನು. 2017ರಲ್ಲಿ ಅವನನ್ನು ಬ್ರೆಂಟ್‌ಫರ್ಡ್ ಸಂಘಕ್ಕೆ ಕೊಟ್ಟರು. ಮುಂದೆ ಮಾರಾಟವಾದಾಗ ತವರಿಗೂ ಒಂದು ಪಾಲು ಬರಬೇಕೆಂಬ ಕರಾರನ್ನು ಬರೆಸಿಕೊಂಡರು. 2020ರಲ್ಲಿ ಅವನು 2.8 ಕೋಟಿ ಪೌಂಡಿಗೆ ಆಸ್ಟನ್ ವಿಲ್ಲಾ ಸೇರಿದಾಗ, ಸಾಂಕ್ರಾಮಿಕದಿಂದ ಕ್ರೀಡಾಂಗಣಗಳು ಬರಿದಾಗಿದ್ದ ಆ ಕಷ್ಟಕಾಲದಲ್ಲಿ ಆ ಪಾಲು ಎಕ್ಸಿಟರಿಗೆ ಬಂದಿತು. 2024ರ ಜುಲೈ 10ರ ರಾತ್ರಿ ಡಾರ್ಟ್‌ಮಂಡಿನಲ್ಲಿ ನೆದರ್ಲೆಂಡ್ಸ್ ವಿರುದ್ಧ ಯುರೋಪಿಯನ್ ಚಾಂಪಿಯನ್‌ಷಿಪ್ಪಿನ ಸೆಮಿಫೈನಲ್ ಮುಗಿಯುವ ಹೊತ್ತಿನಲ್ಲಿ ಬದಲಿ ಆಟಗಾರನಾಗಿ ಇಳಿದು ಗೋಲು ಹೊಡೆದು ಇಂಗ್ಲೆಂಡನ್ನು ಗೆಲ್ಲಿಸಿದವನು ಇದೇ ವಾಟ್ಕಿನ್ಸ್. ಏಳು ವರ್ಷಗಳ ಹಿಂದೆ “ಅವನು ಏಕೆ ಹೋದ?” ಎಂದು ಕೇಳಿದ ಎಕ್ಸಿಟರಿನ ಮಗುವಿಗೆ ಅಂದು ಉತ್ತರ ದೊರೆತಿರಬೇಕು. ಬೆಳೆಸಿ ಕಳಿಸುವುದು ಕಳೆದುಕೊಳ್ಳುವುದಾಗದು. ಈ ಮಾತನ್ನು ಉಪಾಧ್ಯಾಯರಾದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಸಂಘದ ಇನ್ನೊಂದು ಕಥೆ ಇದಕ್ಕಿಂತ ಆಳವಾದುದು. ಆಡಮ್ ಸ್ಟ್ಯಾನ್ಸ್‌ಫೀಲ್ಡ್ ಎಂಬ ಆಟಗಾರ 2006ರಿಂದ ಎಕ್ಸಿಟರಿಗೆ ಆಡಿದ. 2008ರಲ್ಲಿ ಸಂಘ ಲೀಗಿಗೆ ಮರಳಿದಾಗ ಆ ತಂಡದಲ್ಲಿದ್ದ. 2010ರಲ್ಲಿ ಅವನಿಗೆ ಕರುಳಿನ ಕ್ಯಾನ್ಸರ್ ಇರುವುದು ತಿಳಿದುಬಂದಿತು. ಆ ವರ್ಷದ ಆಗಸ್ಟ್ 10ರಂದು, ಹೊಸ ಋತುವಿನ ಹೊಸ್ತಿಲಲ್ಲಿ, ಮೂವತ್ತೊಂದರ ಪ್ರಾಯದಲ್ಲಿ ಅವನು ತೀರಿಕೊಂಡ. ಅವನು ತೊಡುತ್ತಿದ್ದ 9ನೆಯ ಸಂಖ್ಯೆಯ ಅಂಗಿಯನ್ನು ಸಂಘವು ಒಂಬತ್ತು ಋತುಗಳ ಕಾಲ ಯಾರಿಗೂ ಕೊಡದೆ ಕಾದಿಟ್ಟಿತು. ಅವನ ಹೆಸರಿನ ಹಾಡು ಅಂಗಣದಲ್ಲಿ ನಿಲ್ಲಲಿಲ್ಲ. ಅವನ ಹೆಸರಿನ ಪ್ರತಿಷ್ಠಾನವೊಂದು ಹುಟ್ಟಿಕೊಂಡಿತು. ತಂದೆ ತೀರಿಕೊಂಡಾಗ ಏಳು ವರ್ಷದವನಾಗಿದ್ದ ಮಗ ಜೇ, ಎಕ್ಸಿಟರಿನ ಬಾಲತಂಡದಲ್ಲಿ ಬೆಳೆದ. 2019ರಲ್ಲಿ ಫುಲ್‌ಹ್ಯಾಮ್ ಸಂಘ ಅವನನ್ನು ಕರೆದುಕೊಂಡಿತು. 2022ರಲ್ಲಿ ಒಂದು ಋತುವಿನ ಮಟ್ಟಿಗೆ ಎರವಲಾಗಿ ತವರಿಗೆ ಮರಳಿ ಬಂದಾಗ ಅವನು ತೊಟ್ಟುದು 9ನೆಯ ಸಂಖ್ಯೆಯ ಅಂಗಿಯನ್ನೇ. ತಂದೆಯ ಹೆಸರನ್ನು ಹಾಡುತ್ತಿದ್ದ ಜನರ ನಡುವೆ ಮಗ ಆಡಿದ. 2024ರಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ಸುಮಾರು 1.5 ಕೋಟಿ ಪೌಂಡಿನಷ್ಟು ಭಾರಿ ಬೆಲೆ ತೆತ್ತು ಅವನನ್ನು ಪಡೆದುಕೊಂಡಿತೆಂದು ವರದಿಯಾಯಿತು. ಆ ಬೆಲೆ ಅವನ ಕಾಲಿನ ಚಳಕಕ್ಕೆ ಸಂದುದು. ಒಂದು ಊರು ಆ ಅಂಗಿಗೆ ಕೊಟ್ಟ ಬೆಲೆಯನ್ನು ಯಾವ ಲೆಕ್ಕಪತ್ರದಲ್ಲಿಯೂ ಬರೆಯಲಾಗದು.

ಭಾವನೆಯಿಂದ ಸಾಲ ತೀರುವುದಿಲ್ಲ, ಬಂಡವಾಳವಿಲ್ಲದೆ ಇಂದಿನ ಫುಟ್‌ಬಾಲ್ ನಡೆಯುವುದಿಲ್ಲ ಎಂದು ವ್ಯವಹಾರಸ್ಥರು ಹೇಳಬಹುದು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಎಕ್ಸಿಟರಿನಂತಹ ಸಂಘಗಳು ಮೇಲಿನ ದರ್ಜೆಯ ಕಿರೀಟಗಳನ್ನು ಗೆಲ್ಲುತ್ತಿಲ್ಲ. ಅಭಿಮಾನಿಗಳ ಒಡೆತನವೆಂದೊಡನೆ ಕಷ್ಟಗಳು ಕರಗುವುದಿಲ್ಲ. ಆದರೆ ಬಂಡವಾಳವನ್ನೇ ನಂಬಿದವರ ಕಥೆಯನ್ನೂ ಕೇಳಬೇಕು. 1885ರಲ್ಲಿ ಹುಟ್ಟಿದ ಬರಿ ಸಂಘ ಎರಡು ಬಾರಿ ಎಫ್.ಎ. ಕಪ್ ಗೆದ್ದಿತ್ತು. ಒಡೆಯರ ಹಣಕಾಸಿನ ಗೊಂದಲದಿಂದ 2019ರ ಆಗಸ್ಟಿನಲ್ಲಿ ಅದನ್ನು ಲೀಗಿನಿಂದ ಹೊರಹಾಕಲಾಯಿತು. ಪೂರ್ವಸಿದ್ಧತೆ ಮುಗಿಸಿ, ಪಂದ್ಯಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ ಕಾದಿದ್ದ ಮನೆಗಳಿಗೆ ಆ ವರ್ಷ ಶನಿವಾರವೇ ಇಲ್ಲವಾಯಿತು. ಅಜ್ಜನ ಕೈಹಿಡಿದು ಅಂಗಣಕ್ಕೆ ಹೋದ ದಾರಿಯಲ್ಲಿ ಮೊಮ್ಮಗನಿಗೆ ಮುಚ್ಚಿದ ಬಾಗಿಲು ಎದುರಾಯಿತು.

ವಿಂಬಲ್ಡನ್ನಿನಲ್ಲಿ ನಡೆದುದು ಇನ್ನೂ ವಿಚಿತ್ರ. ಅಲ್ಲಿ ಆಟಗಾರನ ಬದಲು ಇಡೀ ಸಂಘವನ್ನೇ ವರ್ಗಾಯಿಸಿದರು. ಲಂಡನ್ನಿನ ಆ ಸಂಘ ಮಿಲ್ಟನ್ ಕೀನ್ಸ್ ಎಂಬ ದೂರದ ನಗರಕ್ಕೆ ಹೋಗಲು 2002ರಲ್ಲಿ ಅನುಮತಿ ದೊರೆಯಿತು. ಲೀಗಿನ ಸ್ಥಾನ, ಆಟಗಾರರು, ಕಾಗದಪತ್ರ ಎಲ್ಲವೂ ಹೋದವು. ಅಭಿಮಾನಿಗಳು ಮಾತ್ರ ಹೋಗಲಿಲ್ಲ. ಅದೇ ಬೇಸಿಗೆಯಲ್ಲಿ ಅವರು ವಿಂಬಲ್ಡನ್ ಕಾಮನ್ ಬಯಲಿನಲ್ಲಿ ಆಟಗಾರರನ್ನು ಪರೀಕ್ಷಿಸಿ ಆರಿಸಿ, ಒಂಬತ್ತನೆಯ ದರ್ಜೆಯಿಂದ ಹೊಸ ಸಂಘವನ್ನು ಆರಂಭಿಸಿದರು. ಒಂಬತ್ತು ವರ್ಷಗಳಲ್ಲಿ ಅದು ಲೀಗನ್ನು ತಲುಪಿತು. 2020ರಲ್ಲಿ ಹಳೆಯ ಪ್ಲೌ ಲೇನ್ ಬೀದಿಗೆ, ಹೊಸದಾಗಿ ಕಟ್ಟಿದ ಅಂಗಣಕ್ಕೆ ಮರಳಿತು. ಎಲ್ಲವನ್ನೂ ಕೊಂಡುಕೊಂಡೆನೆಂದು ಬಗೆದವರ ಕೈಗೆ ಸಿಗದೆ ಉಳಿದ ವಸ್ತು ಯಾವುದೆಂಬುದು ಇದರಿಂದ ವೇದ್ಯವಾಗುತ್ತದೆ.

ಈ ನಿಷ್ಠೆ ಮನೆಯಲ್ಲಿ ಹುಟ್ಟುತ್ತದೆ, ಮನೆಯಲ್ಲಿಯೇ ಕೈಯಿಂದ ಕೈಗೆ ದಾಟುತ್ತದೆ. ಹಿಂದೆ ಇದು ತಂದೆಯಿಂದ ಮಗನಿಗೆ ಬರುವ ಸೊತ್ತೆಂದು ಭಾವಿಸಲಾಗಿತ್ತು. ಹೆಂಗಸರು ಸಂಘಗಳ ಅಂಗಣದಲ್ಲಿ ಆಡಕೂಡದೆಂದು 1921ರಲ್ಲಿ ಅಸೋಸಿಯೇಷನ್ ವಿಧಿಸಿದ ನಿಷೇಧ ಸುಮಾರು ಐವತ್ತು ವರ್ಷ ಉಳಿದಿತ್ತು. 2022ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡಿನ ಮಹಿಳೆಯರು ಯುರೋಪಿನ ಕಿರೀಟ ಧರಿಸಿದ ಮೇಲೆ ಮಗಳೂ ಈ ಸೊತ್ತಿಗೆ ಸಮಪಾಲಿನ ಹಕ್ಕುದಾರಳೆಂಬುದನ್ನು ಯಾರೂ ಅಲ್ಲಗಳೆಯಲಾರರು. ಹಕ್ಕುದಾರರು ಹೆಚ್ಚಿದಂತೆ ಸೊತ್ತನ್ನು ಕಾಯುವವರ ಹೊಣೆಯೂ ಹೆಚ್ಚುತ್ತದೆ.

ಸಂಘದ ಷೇರುಗಳು ಯಾರ ಹೆಸರಿನಲ್ಲಿದ್ದರೂ ಅವರು ಅದರ ಧರ್ಮದರ್ಶಿಗಳೇ ಹೊರತು ಪೂರ್ಣ ಒಡೆಯರಲ್ಲ. ಅಜ್ಜ ನೆಟ್ಟುದನ್ನು ಮೊಮ್ಮಗನಿಗೆ ತಲುಪಿಸುವ ಹೊಣೆ ಅವರದು. ಬ್ರಿಟನ್ನಿನ ಪಾರ್ಲಿಮೆಂಟು 2025ರಲ್ಲಿ ಶಾಸನ ಮಾಡಿ, ಸಂಘಗಳ ಹಣಕಾಸನ್ನೂ ಒಡೆಯರ ಯೋಗ್ಯತೆಯನ್ನೂ ಪರಿಶೀಲಿಸಲು ಸ್ವತಂತ್ರ ನಿಯಂತ್ರಕ ಸಂಸ್ಥೆಯೊಂದಕ್ಕೆ ಅಧಿಕಾರ ಕೊಟ್ಟಿರುವುದು ಈ ತತ್ತ್ವಕ್ಕೆ ತಡವಾಗಿ ಸಂದ ಮನ್ನಣೆ. ಶಾಸನ ಬಾಗಿಲು ಕಾಯಬಹುದು. ಒಳಗೆ ದೀಪ ಹಚ್ಚುವ ಕೆಲಸ ಮನೆಯವರದೇ. ಅಭಿಮಾನಿಯು ಒಡೆಯರಿಂದ ಧರ್ಮದರ್ಶಿಗಳ ನಡತೆಯನ್ನು ಕೇಳುವುದಾದರೆ ತನ್ನಿಂದಲೂ ಅದನ್ನೇ ಕೇಳಿಕೊಳ್ಳಬೇಕು. ಸೋತ ದಿನದ ಸಿಟ್ಟನ್ನು ಹೊಸ್ತಿಲಾಚೆ ಬಿಟ್ಟು ಒಳಬರಬೇಕು. ಹೊರಟ ಆಟಗಾರನನ್ನು ಹರಸಿ ಕಳಿಸಬೇಕು. ಬೇಸಿಗೆಯ ಬಿಡುವನ್ನು ವದಂತಿಗೆ ಒಪ್ಪಿಸದೆ ಮಕ್ಕಳಿಗೆ ಒಪ್ಪಿಸಬೇಕು.

ಜುಲೈ ತಿಂಗಳ ಒಂದು ಸಂಜೆ ಸಣ್ಣ ಊರಿನ ಅಂಗಣದಲ್ಲಿ ಅಂಕವಿಲ್ಲದ ಪಂದ್ಯವೊಂದು ನಡೆಯುತ್ತಿರುತ್ತದೆ. ಅಜ್ಜನಿಗೆ ಹೊಸ ಆಟಗಾರರ ಹೆಸರು ನೆನಪಿನಲ್ಲಿ ನಿಲ್ಲುವುದಿಲ್ಲ; ಮೊಮ್ಮಗಳಿಗೆ ಹಳೆಯ ಆಟಗಾರರ ಹೆಸರು ಗೊತ್ತಿಲ್ಲ. ಅವಳು ಇವರನ್ನು ತೋರಿಸುತ್ತಾಳೆ, ಅವನು ಅವರನ್ನು ನೆನೆಯುತ್ತಾನೆ. ಮೈದಾನದಲ್ಲಿರುವ ಹನ್ನೊಂದು ಮಂದಿಯಲ್ಲಿ ಕೆಲವರು ಆಗಸ್ಟ್ ಮುಗಿಯುವುದರೊಳಗೆ ಬೇರೆ ಊರಿನ ಬಣ್ಣ ತೊಟ್ಟಿರಬಹುದು. ಕಟ್ಟೆಯ ಮೇಲೆ ಕುಳಿತ ಈ ಇಬ್ಬರು ಮುಂದಿನ ಶನಿವಾರವೂ ಅಲ್ಲಿಯೇ ಇರುತ್ತಾರೆ.